ಯುದ್ಧಕಾಲದ ಊರುನೋಟುಗಳು: ಜರ್ಮನಿಯ ನೋಟ್‌ಗೆಲ್ಡ್ ಸಂಗ್ರಹಕ್ಕೊಂದು ಸಮಗ್ರ ಮಾರ್ಗದರ್ಶಿ

1914ರ ಆಗಸ್ಟ್ ಮೊದಲ ವಾರದಲ್ಲೇ ಜರ್ಮನಿಯ ಪೇಟೆ ಬೀದಿಗಳಲ್ಲಿ ಚಿಲ್ಲರೆ ಕಾಣೆಯಾಯಿತು. ಮೊದಲ ಮಹಾಯುದ್ಧದ ಘೋಷಣೆಯಾದದ್ದೇ ತಡ, ಜನ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಮನೆಯಲ್ಲಿ ಕೂಡಿಟ್ಟರು. ನೋಟು ತಂದವರಿಗೆ ಚಿನ್ನ ಕೊಡುವುದನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಆಗಿದ್ದ ರೈಷ್‌ಬ್ಯಾಂಕ್ ನಿಲ್ಲಿಸಿತು. ಕೂಲಿ ಬಟವಾಡೆ ಮಾಡಬೇಕಾದ ಕಾರ್ಖಾನೆ, ಬ್ರೆಡ್ ಮಾರುವ ಅಂಗಡಿ, ತೆರಿಗೆ ಕಟ್ಟಿಸಿಕೊಳ್ಳುವ ಪುರಸಭೆ ಎಲ್ಲರಿಗೂ ಒಂದೇ ಇಕ್ಕಟ್ಟು. ಬರ್ಲಿನ್‌ನಿಂದ ಹಣ ಬರುವವರೆಗೆ ಕಾಯುವಂತಿರಲಿಲ್ಲ. ಪುರಸಭೆಗಳು ಊರಿನ ಪ್ರೆಸ್ಸಿಗೇ ಹೋಗಿ, ಸಿಕ್ಕ ಕಾಗದದ ಮೇಲೆ ಮೊತ್ತ ಅಚ್ಚು ಹಾಕಿಸಿ, ಮೊಹರು ಒತ್ತಿ, ಸಹಿ ಮಾಡಿ ಹಂಚಿದವು. ಹೀಗೆ ಹುಟ್ಟಿದ ತುರ್ತು ಹಣವನ್ನೇ ಜಗತ್ತಿನ ಸಂಗ್ರಾಹಕರು ನೋಟ್‌ಗೆಲ್ಡ್ ಎಂದು ಕರೆಯುತ್ತಾರೆ.

ಹಳೆಯ ಕಾಗದದ ಹಣ ಕೂಡಿಡುವ ಹವ್ಯಾಸಕ್ಕೆ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ಇನ್ನೊಂದಿಲ್ಲ ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಸಾಮಾನ್ಯ ನೋಟುಗಳು ಇವತ್ತಿಗೂ ಒಂದೆರಡು ಯೂರೋಗೆ ಸಿಗುತ್ತವೆ. ಸಾವಿರಾರು ಊರುಗಳು ಅಚ್ಚು ಹಾಕಿಸಿದ್ದರಿಂದ ಬಗೆಗಳಿಗೆ ಕೊನೆಯಿಲ್ಲ. ಹೆಚ್ಚಿನ ನೋಟುಗಳ ಮೇಲೆ ಊರು, ದಿನಾಂಕ, ಕೊಟ್ಟವರ ಹೆಸರು ಎಲ್ಲ ಬರೆದಿರುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದ ಹೆಜ್ಜೆಗಳೆಲ್ಲ ಇದರ ಮೇಲೇ ನಿಂತಿವೆ: ಈ ನೋಟುಗಳನ್ನು ನೋಡಿ ಕೊಳ್ಳಬೇಡಿ, ಓದಿ ಕೊಳ್ಳಿ. ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸಿಗುವ ಬಣ್ಣಬಣ್ಣದ ನೋಟುಗಳಲ್ಲಿ ಬಹುಪಾಲು ಯುದ್ಧ ಮುಗಿದ ಮೇಲೆ ಸಂಗ್ರಾಹಕರಿಗೆ ಮಾರಲೆಂದೇ ಅಚ್ಚಾದವು. ಯುದ್ಧದಲ್ಲಿ ನಿಜವಾಗಿ ಕೈಯಿಂದ ಕೈಗೆ ಓಡಾಡಿದ್ದು ಅದರ ಪಕ್ಕದಲ್ಲಿ ಮಂಕಾಗಿ ಕೂತಿರುವ ಬೂದು ಚೀಟಿ. ಎರಡನ್ನೂ ಸಂಗ್ರಹಿಸಬಹುದು, ಆದರೆ ಯಾವುದು ಯಾವುದೆಂದು ತಿಳಿದಿರಬೇಕು.

ಹೆಜ್ಜೆ 1: ಕಾಲಘಟ್ಟಗಳನ್ನು ಬಾಯಿಪಾಠ ಮಾಡಿಕೊಳ್ಳಿ

ನೋಟ್‌ಗೆಲ್ಡ್ ಒಂದೇ ಸಲ ಬಂದು ಹೋದದ್ದಲ್ಲ. 1914ರಿಂದ 1923ರವರೆಗೆ ಬೇರೆಬೇರೆ ಕಾರಣಕ್ಕೆ ಅಲೆಅಲೆಯಾಗಿ ಬಂತು. ಕಾರಣ ಗೊತ್ತಿದ್ದರೆ ನೋಟಿನ ಮೊತ್ತ ನೋಡಿದೊಡನೆ ಅದು ಯಾವ ಕಾಲದ್ದೆಂದು ಅಂದಾಜು ಸಿಗುತ್ತದೆ.

ಮೊದಲ ಅಲೆ 1914ರ ಆಗಸ್ಟ್‌ನದು. ಪೂರ್ವ ಪ್ರಷ್ಯಾ, ಪೋಸೆನ್, ಸೈಲೀಸಿಯಾ, ಆಲ್ಸೇಸ್ ಮುಂತಾದ ಗಡಿ ಪ್ರಾಂತಗಳಲ್ಲಿ ಇದರ ಒತ್ತಡ ಹೆಚ್ಚು. ಪೂರ್ವ ಪ್ರಷ್ಯಾಕ್ಕೆ ರಷ್ಯಾದ ಸೈನ್ಯ ನುಗ್ಗಿತ್ತು, ಆಲ್ಸೇಸ್‌ನ ಮ್ಯುಲ್‌ಹೌಸನ್ ಆ ತಿಂಗಳಲ್ಲಿ ಫ್ರೆಂಚರ ಕೈಗೂ ಜರ್ಮನರ ಕೈಗೂ ಬದಲಾಗುತ್ತಿತ್ತು. ಇಂದು ಪೋಲೆಂಡ್‌ನಲ್ಲಿರುವ, ಗ್ಡಾನ್ಸ್ಕ್ ಎಂದು ಕರೆಸಿಕೊಳ್ಳುವ ಡಾನ್ಸಿಗ್ ನಗರ 1914ರ ಆಗಸ್ಟ್ 10ರ ದಿನಾಂಕ ಹಾಕಿ 50 ಫೆನಿಗ್, 1, 2 ಮತ್ತು 3 ಮಾರ್ಕ್‌ಗಳ ಚೀಟಿ ಹೊರಡಿಸಿತು. (100 ಫೆನಿಗ್ ಸೇರಿದರೆ 1 ಮಾರ್ಕ್.) ಈ ಕಾಲದ ಹೆಚ್ಚಿನ ನೋಟುಗಳಲ್ಲಿ ಚಿತ್ರವಿಲ್ಲ. ಅಚ್ಚುಮೊಳೆ (ಅಕ್ಷರ ಕೊರೆದ ಲೋಹದ ತುಂಡು) ಜೋಡಿಸಿ ಒತ್ತಿದ ಅಕ್ಷರ, ಒಂದು ಅಂಚುಪಟ್ಟಿ, ರಬ್ಬರ್ ಮೊಹರು, ಶಾಯಿಯ ಸಹಿ, ಅಷ್ಟೇ. ಕೆಲವೇ ವಾರಗಳಲ್ಲಿ ಸರ್ಕಾರದ ಸಾಲಕಚೇರಿಗಳು ಹೊರಡಿಸಿದ ಸಣ್ಣ ಮೊತ್ತದ ನೋಟುಗಳು ತಲುಪಿದ್ದರಿಂದ ಈ ಚೀಟಿಗಳನ್ನು ವಾಪಸು ಪಡೆದರು. ಉಳಿದವು ಕಡಿಮೆ, ಬೆಲೆ ಹೆಚ್ಚು.

ಎರಡನೆಯದು 1916ರಿಂದ 1919ರವರೆಗಿನ ಚಿಲ್ಲರೆ ಬರ. ನನ್ನ ಪ್ರಕಾರ ಸಂಗ್ರಹದ ಜೀವಾಳ ಇದೇ. ಮದ್ದುಗುಂಡು, ಫಿರಂಗಿಗಳಿಗೆ ತಾಮ್ರ ಮತ್ತು ನಿಕಲ್ ಬೇಕಾಯಿತು. ನಿಕಲ್ ನಾಣ್ಯಗಳನ್ನು ಚಲಾವಣೆಯಿಂದ ಎಳೆದುಕೊಂಡು 5 ಮತ್ತು 10 ಫೆನಿಗ್‌ಗಳನ್ನು ಕಬ್ಬಿಣದಲ್ಲಿ, ಮುಂದೆ 10 ಫೆನಿಗ್ಗನ್ನು ಸತುವಿನಲ್ಲೂ ಟಂಕಿಸಿದರು. 1 ಫೆನಿಗ್ ಅಲ್ಯೂಮಿನಿಯಂ ಆಯಿತು. ಅದೂ ಸಾಲಲಿಲ್ಲ. ಪುರಸಭೆ, ಜಿಲ್ಲಾಡಳಿತ, ಗಣಿ ಕಂಪನಿ, ಕಾರ್ಖಾನೆ ಎಲ್ಲರೂ 5, 10, 25, 50 ಫೆನಿಗ್‌ಗಳ ಚೀಟಿ ಹೊರಡಿಸಿದರು. ಇವುಗಳಿಂದಲೇ ಜನ ಟ್ರಾಮ್ ಹತ್ತಿದರು, ಆಲೂಗಡ್ಡೆ ಕೊಂಡರು. ಹಾಗಾಗಿ ಹೆಚ್ಚಿನವು ಮಡಚಿ, ಹಿಂಜಿ, ಜಿಡ್ಡು ಹಿಡಿದಿರುತ್ತವೆ.

1918ರ ಶರತ್ಕಾಲದಲ್ಲಿ ಇನ್ನೊಂದು ತಿರುವು. ಸೋಲು ಹತ್ತಿರವಾಗಿ, ಜನ ನೋಟುಗಳನ್ನೂ ಕೂಡಿಡತೊಡಗಿದಾಗ ರೈಷ್‌ಬ್ಯಾಂಕಿನ ಮುದ್ರಣ ಸಾಲದೆ, ನಗರಗಳೇ ದೊಡ್ಡ ಮೊತ್ತದ ನೋಟು ಹೊರಡಿಸಬೇಕಾಯಿತು. 5, 10, 20, 50 ಮಾರ್ಕ್‌ಗಳ ಈ ನೋಟುಗಳು ಅಳತೆಯಲ್ಲೂ ದೊಡ್ಡವು. ಅನೇಕವುಗಳ ಮೇಲೆ 1919ರ ಫೆಬ್ರುವರಿ 1ರವರೆಗೆ ಮಾತ್ರ ಚಲಾವಣೆ ಎಂಬ ಗಡುವು ಇರುತ್ತದೆ.

ಯುದ್ಧ ಮುಗಿಯುವ ಹೊತ್ತಿಗೆ ಈ ಚೀಟಿ ಕೂಡಿಡುವವರ ದೊಡ್ಡ ಪಡೆಯೇ ಹುಟ್ಟಿಕೊಂಡಿತ್ತು. ಅದು ಊರುಗಳಿಗೆ ಆದಾಯದ ದಾರಿಯಾಗಿ ಕಂಡಿತು. 1920ರಿಂದ 1922ರವರೆಗೆ ಬಂದ ಸೇರಿಯನ್‌ಶೈನ್, ಅಂದರೆ ಚಿತ್ರಮಾಲಿಕೆ ನೋಟುಗಳು ಹುಟ್ಟಿದ್ದು ಹೀಗೆ. ಹಾಮೆಲ್ನ್ ಪಟ್ಟಣ ತನ್ನ ಇಲಿ ಹಿಡಿಯುವ ಕೊಳಲುಗಾರನನ್ನು ನೋಟಿಗೇರಿಸಿತು. ಬೀಲೆಫೆಲ್ಡ್‌ನ ಉಳಿತಾಯ ಬ್ಯಾಂಕ್ ರೇಷ್ಮೆ, ಲಿನನ್ ಬಟ್ಟೆಯ ಮೇಲೆ ಅಚ್ಚು ಹಾಕಿಸಿತು. ಓಸ್ಟರ್‌ವೀಕ್‌ನಲ್ಲಿ ಚರ್ಮದ ಮೇಲೂ ಬಂತು. ಮೈಸನ್‌ನ ಪಿಂಗಾಣಿ ಕಾರ್ಖಾನೆ ಪಿಂಗಾಣಿ ನಾಣ್ಯಗಳನ್ನೇ ಮಾಡಿತು. ಕಲೆಯ ದೃಷ್ಟಿಯಿಂದ ಇವು ಅದ್ಭುತ. ಆದರೆ ಯುದ್ಧಕಾಲದ ತುರ್ತು ಹಣ ಎಂದು ಇವನ್ನು ಮಾರುವವರ ಮಾತು ನಂಬಬೇಡಿ. ಹೆಚ್ಚಿನವು ಯಾವ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಕಂಡಿಲ್ಲ. 1922ರ ಜುಲೈನಲ್ಲಿ ಸರ್ಕಾರ ಕಾನೂನು ಮಾಡಿ ಇದನ್ನು ನಿಲ್ಲಿಸಿತು.

ಕೊನೆಯದು 1922ರ ಉತ್ತರಾರ್ಧ ಮತ್ತು 1923ರ ಹಣದುಬ್ಬರ. ಮತ್ತೆ ನಿಜವಾದ ಅಗತ್ಯ, ಮತ್ತೆ ಅವಸರದ ಅಚ್ಚು, ಮೊತ್ತ ಮಾತ್ರ ಲಕ್ಷ ಕೋಟಿಗಳಲ್ಲಿ. ತ್ಯುರಿಂಗಿಯಾದ ಸರ್ಕಾರಿ ಬ್ಯಾಂಕಿಗೆ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆಯ ಹರ್ಬರ್ಟ್ ಬೇಯರ್ ವಿನ್ಯಾಸ ಮಾಡಿಕೊಟ್ಟ ನೋಟುಗಳು ಈ ಕಾಲದವು. ಒಂದು ಎಚ್ಚರ: ಜರ್ಮನ್ ಲೆಕ್ಕದಲ್ಲಿ ಮಿಲಿಯಾರ್ಡೆ ಎಂದರೆ ನಮ್ಮ 100 ಕೋಟಿ, ಬಿಲಿಯೋನ್ ಎಂದರೆ 1 ಲಕ್ಷ ಕೋಟಿ. 1923ರ ನವೆಂಬರ್‌ನಲ್ಲಿ ರೆಂಟೆನ್‌ಮಾರ್ಕ್ ಎಂಬ ಹೊಸ ಹಣ ಬಂದಾಗ 1 ಲಕ್ಷ ಕೋಟಿ ಕಾಗದದ ಮಾರ್ಕ್ ಒಂದೇ ಒಂದು ಹೊಸ ಮಾರ್ಕ್‌ಗೆ ಸಮನಾಯಿತು.

ಹೆಜ್ಜೆ 2: ಗಡಿ ಹಾಕಿಕೊಳ್ಳಿ

ಎಲ್ಲವನ್ನೂ ಕೂಡಿಡುತ್ತೇನೆಂದು ಹೊರಟರೆ ಒಂದು ಜನ್ಮ ಸಾಲುವುದಿಲ್ಲ. ಈ ಕ್ಷೇತ್ರದ ಮಹಾ ಸಂಗ್ರಾಹಕ, ಪಟ್ಟಿಗಳ ಪಿತಾಮಹ ಆರ್ನಾಲ್ಡ್ ಕೆಲ್ಲರ್. ಲಕ್ಷಕ್ಕೂ ಮೀರಿದ ಅವರ ಸಂಗ್ರಹ ಈಗ ಜರ್ಮನಿಯ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್‌ನಲ್ಲಿದೆ. ನಮ್ಮಂಥವರಿಗೆ ಚಿಕ್ಕ ಗಡಿಯೇ ಸರಿ.

ಹೊಸಬರಿಗೆ ನಾನು ಸೂಚಿಸುವುದು: 1916ರಿಂದ 1919ರ ನಡುವಿನ ಫೆನಿಗ್ ನೋಟುಗಳು, ಅದೂ ಒಂದೇ ಪ್ರಾಂತದ್ದು. ಸ್ಯಾಕ್ಸನಿ, ವೆಸ್ಟ್‌ಫಾಲಿಯಾ, ಬವೇರಿಯಾ, ಯಾವುದಾದರೂ ಒಂದು. ಆ ಪ್ರಾಂತದ ಭೂಪಟ ಗೋಡೆಗೆ ಅಂಟಿಸಿ, ನೋಟು ಸಿಕ್ಕ ಊರುಗಳಿಗೆ ಗುರುತು ಹಾಕುತ್ತಾ ಹೋಗಿ. ಆರು ತಿಂಗಳು ಕಳೆಯುವಷ್ಟರಲ್ಲಿ ಯಾವ ನದಿ ದಡದಲ್ಲಿ ಯಾವ ಗಿರಣಿ ಇತ್ತು, ಯಾವ ಗಣಿಯ ಕೂಲಿಯನ್ನು ಯಾರು ಕೊಡುತ್ತಿದ್ದರು ಎಂಬುದು ನಿಮಗೇ ತಿಳಿಯತೊಡಗುತ್ತದೆ. ಬೇರೆ ದಾರಿಗಳೂ ಇವೆ: ಖಾಸಗಿ ಕಂಪನಿಗಳ ನೋಟು ಮಾತ್ರ, ಯುದ್ಧಾನಂತರ ಬೇರೆ ದೇಶಕ್ಕೆ ಸೇರಿದ ಊರುಗಳದು ಮಾತ್ರ, ಯುದ್ಧಕೈದಿ ಶಿಬಿರಗಳದು ಮಾತ್ರ. ಶಿಬಿರದ ಹಣದ ಕಥೆಯೇ ಬೇರೆ. ಕೈದಿಯ ಕೈಗೆ ನಿಜವಾದ ಹಣ ಸಿಕ್ಕರೆ ಕಾವಲುಗಾರನಿಗೆ ಲಂಚ ಕೊಟ್ಟೋ ರೈಲು ಟಿಕೆಟ್ ಕೊಂಡೋ ಓಡಿಹೋಗಬಹುದು. ಅದಕ್ಕಾಗಿ ಬೇಲಿಯೊಳಗಿನ ಕ್ಯಾಂಟೀನಿನಲ್ಲಿ ಮಾತ್ರ ನಡೆಯುವ ಚೀಟಿಗಳನ್ನು ಶಿಬಿರಗಳು ಅಚ್ಚು ಹಾಕಿಸುತ್ತಿದ್ದವು.

ಹೆಜ್ಜೆ 3: ಓದಲು ಕಲಿಯಿರಿ

ಹಳೆಯ ಜರ್ಮನ್ ನೋಟುಗಳು ಹೆಚ್ಚಾಗಿ ಫ್ರಾಕ್ಟೂರ್ ಎಂಬ ಮುರುಟು ಅಕ್ಷರದಲ್ಲಿವೆ. ಹೆದರಬೇಕಾಗಿಲ್ಲ. ಇಂಗ್ಲಿಷ್ ಅಕ್ಷರ ಬಲ್ಲವರಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ಎಡವಿಸುವುದು ನಾಲ್ಕೈದು ಅಕ್ಷರ ಮಾತ್ರ. ಪದದ ಮಧ್ಯದ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ, ಅದರ ಅಡ್ಡಗೆರೆ ಎಡಗಡೆಗೆ ಮಾತ್ರ ಇರುತ್ತದೆ ಅಥವಾ ಇರುವುದೇ ಇಲ್ಲ. ಸಣ್ಣ ಕೆ ಅಕ್ಷರ ಟಿ ಅಥವಾ ಎಫ್‌ನಂತೆ ತೋರುತ್ತದೆ. ದೊಡ್ಡ ಬಿ ಮತ್ತು ವಿ ಅವಳಿಜವಳಿ. ಐ, ಜೆ ಎರಡಕ್ಕೂ ಒಂದೇ ರೂಪ. ಊರಿನ ಹೆಸರು ತಪ್ಪು ಓದುವುದು ಇಲ್ಲೇ.

ಆಮೇಲೆ ಕೆಲವು ಪದಗಳು. ಇವನ್ನು ಒಂದು ಚೀಟಿಯಲ್ಲಿ ಬರೆದು ಆಲ್ಬಮ್‌ನ ಮೊದಲ ಪುಟದಲ್ಲಿ ಇಟ್ಟುಕೊಳ್ಳಿ.

- ಗುಟ್‌ಶೈನ್: ಮೊತ್ತದ ಚೀಟಿ. ಅತಿ ಹೆಚ್ಚು ಕಾಣುವ ಪದ ಇದೇ.
- ಷ್ಟಾಟ್, ಗೆಮೈಂಡೆ, ಕ್ರೈಸ್: ನಗರ, ಗ್ರಾಮ, ಜಿಲ್ಲೆಯಂಥ ಆಡಳಿತ ವಿಭಾಗ.
- ಮಾಗಿಸ್ಟ್ರಾಟ್, ಬ್ಯುರ್ಗರ್‌ಮೈಸ್ಟರ್: ನಗರಾಡಳಿತ, ನಗರಾಧ್ಯಕ್ಷ. ಸಹಿಯ ಮೇಲೆ ಅಥವಾ ಕೆಳಗೆ ಇರುತ್ತದೆ.
- ಷ್ಪಾರ್‌ಕಾಸ್ಸೆ, ಹಾಂಡೆಲ್ಸ್‌ಕಾಮರ್: ಉಳಿತಾಯ ಬ್ಯಾಂಕ್, ವಾಣಿಜ್ಯ ಮಂಡಳಿ.
- ಗ್ಯುಲ್ಟಿಗ್ ಬಿಸ್: ಇಂಥ ದಿನದವರೆಗೆ ಸಲ್ಲುತ್ತದೆ.
- ಉನ್‌ಗ್ಯುಲ್ಟಿಗ್, ಎಂಟ್‌ವೇರ್ಟೆಟ್: ರದ್ದು. ಮೊಹರಾಗಿ ಅಥವಾ ತೂತುಗಳಾಗಿ ಒತ್ತಿರುತ್ತಾರೆ.
- ಮುಸ್ಟರ್: ಮಾದರಿ ಪ್ರತಿ.
- ಕ್ರೀಗ್ಸ್‌ಗೆಫಾಂಗನನ್‌ಲಾಗರ್: ಯುದ್ಧಕೈದಿಗಳ ಶಿಬಿರ.

ಊರಿನ ಹೆಸರು ಓದಿದ ಮಾತ್ರಕ್ಕೆ ಊರು ಸಿಕ್ಕಿತೆಂದಲ್ಲ. ನಾಯ್‌ಷ್ಟಾಟ್ ಎಂಬ ಊರು ಜರ್ಮನಿಯಲ್ಲಿ ಹಲವಿವೆ. ಫ್ರಾಂಕ್‌ಫರ್ಟ್ ಎರಡು, ಮೈನ್ ನದಿಯ ದಡದ್ದು ಒಂದು, ಓಡರ್ ನದಿಯ ದಡದ್ದು ಇನ್ನೊಂದು. ಹೆಸರಿನ ಮುಂದೆ ಇರುವ ನದಿ ಅಥವಾ ಪ್ರಾಂತದ ಸಂಕ್ಷೇಪವನ್ನು ಬಿಡದೆ ಓದಿ. ಗಡಿಗಳು ಬದಲಾದದ್ದರಿಂದ ಹೆಸರುಗಳೂ ಬದಲಾಗಿವೆ: ಬ್ರೆಸ್‌ಲೌ ಈಗ ಪೋಲೆಂಡ್‌ನ ವ್ರೊತ್ಸ್‌ವಾಫ್, ಪೋಸೆನ್ ಈಗ ಪೋಜ್ನಾನ್, ಕ್ಯೋನಿಗ್ಸ್‌ಬರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾಡ್, ಮ್ಯುಲ್‌ಹೌಸನ್ ಈಗ ಫ್ರಾನ್ಸ್‌ನ ಮ್ಯೂಲೂಜ್. ಪಟ್ಟಿಯಲ್ಲಿ ಎರಡೂ ಹೆಸರು ಬರೆದಿಡುವುದು ಒಳ್ಳೆಯದು.

ಹೆಜ್ಜೆ 4: ಒಂದು ನೋಟನ್ನು ಪರೀಕ್ಷಿಸುವ ಕ್ರಮ

ಬೇಕಾದ ಸಾಮಾನು ಕಡಿಮೆ: 10 ಪಟ್ಟು ಹಿಗ್ಗಿಸುವ ಲೂಪ್ (ಚಿನಿವಾರರು ಕಣ್ಣಿಗಿಟ್ಟುಕೊಳ್ಳುವ ಅದೇ ಮಸೂರ), ಒಂದು ಸಣ್ಣ ಯುವಿ ಟಾರ್ಚ್, ಮಿಲಿಮೀಟರ್ ಪಟ್ಟಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕೂತರೆ ಕೈಗವಸು ಬೇಡ. ಗವಸಿನ ನೂಲು ಹರಿದ ಅಂಚಿಗೆ ಸಿಕ್ಕಿ ಇನ್ನಷ್ಟು ಹಾಳಾಗುವುದೇ ಹೆಚ್ಚು.

ನನ್ನ ಆಲ್ಬಮ್‌ನಲ್ಲಿರುವ ಸ್ಯಾಕ್ಸನಿಯ ಸಣ್ಣ ಪಟ್ಟಣವೊಂದರ 1917ರ 50 ಫೆನಿಗ್ ನೋಟನ್ನೇ ತೆಗೆದುಕೊಳ್ಳೋಣ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಕಂದುಬಣ್ಣದ ಅಚ್ಚು, ಎಡಗಡೆ ಊರಿನ ಲಾಂಛನ, ಬಲಗಡೆ ಕೆಂಪು ಶಾಯಿಯಲ್ಲಿ ಕ್ರಮಸಂಖ್ಯೆ. ಸಂಖ್ಯೆಯ ಕೊನೆಯ ಅಂಕಿ ಉಳಿದವಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂತಿದೆ. ಸಂಖ್ಯೆ ಒತ್ತುವ ಯಂತ್ರದ ಚಕ್ರ ಪೂರ್ತಿ ತಿರುಗಿರಲಿಲ್ಲ. ಲೂಪ್ ಇಟ್ಟು ನೋಡಿದರೆ ಅಕ್ಷರದ ಅಂಚಿನಲ್ಲಿ ಶಾಯಿ ಹಿಂಡಿಕೊಂಡು ದಟ್ಟವಾಗಿದೆ, ಬೆನ್ನ ಕಡೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ತಿಳಿಯುತ್ತದೆ. ನಡುವೆ ಒಂದು ಮಡಿಕೆ, ಮಡಿಕೆಯ ಮೇಲ್ತುದಿಯಲ್ಲಿ ಸಣ್ಣ ಸೀಳು. ಕಿಟಕಿಗೆ ಹಿಡಿದರೆ ಕಾಗದದಲ್ಲಿ ಅಲೆಯಾಕಾರದ ನೀರಚ್ಚು (ವಾಟರ್‌ಮಾರ್ಕ್). ಇಷ್ಟು ಸಾಕು: ಇದು ಮೊಳೆ ಅಚ್ಚಿನಲ್ಲಿ ಮುದ್ರಿತವಾಗಿ, ಜೇಬಿನಲ್ಲಿ ಓಡಾಡಿದ ಅಸಲಿ ನೋಟು.

ಇದೇ ಕ್ರಮವನ್ನು ಎಲ್ಲ ನೋಟಿಗೂ ಅನ್ವಯಿಸಿ. ಮೊದಲು ದಿನಾಂಕ ಮತ್ತು ಗಡುವು. ಆಮೇಲೆ ಕೊಟ್ಟವರು ಯಾರು. ಕ್ರಮಸಂಖ್ಯೆ ಇದೆಯೇ, ಅದರ ಎತ್ತರ ಎಷ್ಟು ಮಿಲಿಮೀಟರ್. ಸಹಿ ಅಚ್ಚೋ ಕೈಬರಹವೋ. ಮೊಹರು ಶಾಯಿಯದೋ ಉಬ್ಬಚ್ಚೋ. ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರಿದೆಯೇ. ಕೊನೆಗೆ ನೀರಚ್ಚು. ನೀರಚ್ಚನ್ನು ಬಹಳ ಜನ ಕಡೆಗಣಿಸುತ್ತಾರೆ. ಒಂದೇ ವಿನ್ಯಾಸ ಎರಡು ಮೂರು ಬಗೆಯ ನೀರಚ್ಚಿನ ಕಾಗದದ ಮೇಲೆ ಅಚ್ಚಾಗಿರುವುದುಂಟು. ಕಾಗದದ ಬರ ಇದ್ದ ಕಾಲ, ಪ್ರೆಸ್ಸಿನಲ್ಲಿ ಯಾವುದು ಉಳಿದಿತ್ತೋ ಅದರ ಮೇಲೆ ಒತ್ತಿದರು. ಕ್ಯಾಟಲಾಗ್‌ಗಳು ಅವನ್ನು ಬೇರೆಬೇರೆ ಬಗೆಗಳೆಂದು ಎಣಿಸುತ್ತವೆ, ಬೆಲೆಯೂ ಬೇರೆ.

ಸಹಿಯಿಲ್ಲದ, ಸಂಖ್ಯೆಯಿಲ್ಲದ ಹೊಚ್ಚಹೊಸ ನೋಟು ಸಿಕ್ಕರೆ ಹಿಗ್ಗಬೇಡಿ. ಅದು ಚಲಾವಣೆಗೆ ಹೋಗದೆ ಉಳಿದ ಹಾಳೆಯದಾಗಿರಬಹುದು. ತೂತು ಹೊಡೆದ ನೋಟನ್ನು ಕೀಳೆಂದೂ ಬಗೆಯಬೇಡಿ. ಹಣ ಕೊಟ್ಟು ವಾಪಸು ಪಡೆದ ಮೇಲೆ ರದ್ದು ಮಾಡಿದ ನೋಟದು, ಅಂದರೆ ಊರು ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೆ ಸಾಕ್ಷಿ. 1914ರ ಕೆಲವು ಊರುಗಳ ನೋಟು ರದ್ದಾದ ರೂಪದಲ್ಲೇ ಹೆಚ್ಚು ಸಿಗುತ್ತದೆ.

ಹೆಜ್ಜೆ 5: ನಕಲಿಯನ್ನು ಹಿಡಿಯುವುದು

ಒಂದೆರಡು ಯೂರೋದ ನೋಟಿಗೆ ಯಾರೂ ನಕಲಿ ಮಾಡುವುದಿಲ್ಲ. ಅಪಾಯ ಇರುವುದು 1914ರ ಸರಳ ಚೀಟಿಗಳಲ್ಲಿ, ಶಿಬಿರದ ಹಣದಲ್ಲಿ ಮತ್ತು ರೇಷ್ಮೆ, ಚರ್ಮದಂಥ ಆಕರ್ಷಕ ವಸ್ತುಗಳಲ್ಲಿ.

ಲೂಪ್‌ನಲ್ಲಿ ನೋಡಿದಾಗ ಹಳದಿ, ಕೆಂಪು, ನೀಲಿ ಚುಕ್ಕೆಗಳು ಹೂವಿನಂತೆ ಗುಂಪುಗೂಡಿದ್ದರೆ ಅಥವಾ ಶಾಯಿ ತುಂತುರಾಗಿ ಚದುರಿದ್ದರೆ ಅದು ಈಚಿನ ಪ್ರಿಂಟರ್‌ನ ಕೆಲಸ. ಮೊಳೆ ಅಚ್ಚು, ಕಲ್ಲಚ್ಚು (ಲಿಥೋಗ್ರಫಿ)ಗಳಲ್ಲಿ ಬಣ್ಣ ತುಂಬಿಕೊಂಡಿರುತ್ತದೆ, ಗೆರೆ ಕಡಿಯುವುದಿಲ್ಲ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು ನೋಡಿ. ಕಾಗದ ಬೆಳ್ಳಗೆ ನೀಲಿಯಾಗಿ ಹೊಳೆದರೆ ಅನುಮಾನಿಸಿ, ಏಕೆಂದರೆ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕಗಳ ಬಳಕೆ ಬಂದದ್ದು ಎರಡನೇ ಮಹಾಯುದ್ಧದ ಸುಮಾರಿಗೆ. ಆದರೆ ಡಿಟರ್ಜೆಂಟ್‌ನಲ್ಲಿ ತೊಳೆದ ಅಸಲಿ ನೋಟೂ ಹೊಳೆಯುತ್ತದೆ. ಆದ್ದರಿಂದ ಈ ಪರೀಕ್ಷೆ ಒಂದನ್ನೇ ನೆಚ್ಚಬೇಡಿ.

ಹೆಚ್ಚು ಜಾಣತನದ ಮೋಸ ಬೇರೆ ಇದೆ: ಕಾಗದ ಅಸಲಿ, ಅಚ್ಚು ಅಸಲಿ, ಮೊಹರು ಮಾತ್ರ ಹೊಸದು. ಉಳಿದುಹೋದ ಹಾಳೆಗೆ ಮೊಹರು, ಸಹಿ ಸೇರಿಸಿ ಚಲಾವಣೆಯಾದ ನೋಟಿನ ಬೆಲೆಗೆ ಮಾರುತ್ತಾರೆ. ಮೊಹರಿನ ಶಾಯಿ ಮಡಿಕೆಯ ಬಿರುಕಿನೊಳಕ್ಕೆ ಇಳಿದಿದೆಯೇ ನೋಡಿ. ಮೊದಲು ಮೊಹರು ಬಿದ್ದು ಆಮೇಲೆ ಮಡಚಿದ್ದರೆ ಮಡಿಕೆಯಲ್ಲಿ ಶಾಯಿ ಉದುರಿರುತ್ತದೆ. ಮಡಿಕೆಯ ಒಡೆದ ನಾರುಗಳ ಒಳಗೂ ಶಾಯಿ ಹರಡಿದ್ದರೆ ಮೊಹರು ಬಿದ್ದದ್ದು ಮಡಚಿದ ಮೇಲೆ.

ಹೆಜ್ಜೆ 6: ಕೊಳ್ಳುವುದು

ಭಾರತದಲ್ಲಿ ಕೂತು ಕೊಳ್ಳಲು ದಾರಿಗಳಿವೆ. ಈಬೇ, ಡೆಲ್‌ಕ್ಯಾಂಪ್, ಎಂಎ-ಶಾಪ್ಸ್ ತಾಣಗಳಲ್ಲಿ ಯೂರೋಪಿನ ವ್ಯಾಪಾರಿಗಳು ಸಿಗುತ್ತಾರೆ. ಕೋಲ್‌ನೆಕ್ಟ್, ನ್ಯೂಮಿಸ್ಟಾ ತಾಣಗಳನ್ನು ಗುರುತಿಸುವಿಕೆಗೆ ಬಳಸಿ. ಬೆಂಗಳೂರು ಮತ್ತಿತರ ನಗರಗಳಲ್ಲಿ ನಡೆಯುವ ನಾಣ್ಯ-ನೋಟು ಮೇಳಗಳಲ್ಲೂ ವಿದೇಶಿ ನೋಟುಗಳ ಡಬ್ಬಿಗಳಲ್ಲಿ ನೋಟ್‌ಗೆಲ್ಡ್ ಇಣುಕುತ್ತದೆ, ಆದರೆ ಬಹುಪಾಲು 1921ರ ಚಿತ್ರಮಾಲಿಕೆಯವು.

ಮೊದಲ ಖರೀದಿಗೆ ಮಿಶ್ರ ಲಾಟ್ ಒಳ್ಳೆಯದು. ನೂರು ನೋಟುಗಳ ಒಂದು ಕಟ್ಟು ತರಿಸಿ, ಮೇಜಿನ ಮೇಲೆ ಹರಡಿ, ವರ್ಷದ ಪ್ರಕಾರ ಬೇರ್ಪಡಿಸಿ. 1920-22ರ ರಾಶಿ ಬೆಟ್ಟವಾಗುತ್ತದೆ, 1917-19ರದ್ದು ಹಿಡಿಯಷ್ಟು, 1914ರದ್ದು ಒಂದೂ ಇರುವುದಿಲ್ಲ. ಈ ಒಂದು ಅಭ್ಯಾಸದಿಂದ ಬರುವ ತಿಳಿವಳಿಕೆ ಹತ್ತು ಲೇಖನ ಓದಿದರೂ ಬಾರದು. ಆಮೇಲೆ ಬಿಡಿ ನೋಟು ಕೊಳ್ಳಲು ಶುರು ಮಾಡಿ.

ಕೊಳ್ಳುವ ಮುಂಚೆ ಎರಡೂ ಬದಿಯ ಫೋಟೊ ಕೇಳಿ. ದುಬಾರಿಯಾಗಿದ್ದರೆ ಬೆಳಕಿಗೆ ಹಿಡಿದ ಫೋಟೊವನ್ನೂ ಕೇಳಿ. ಜರ್ಮನ್ ವ್ಯಾಪಾರಿಗಳು ಸ್ಥಿತಿಯನ್ನು ರೋಮನ್ ಅಂಕಿಗಳಲ್ಲಿ ಬರೆಯುತ್ತಾರೆ: ಒಂದು ಎಂದರೆ ಬ್ಯಾಂಕಿನಿಂದ ಆಗತಾನೆ ಬಂದಂಥದ್ದು, ಎರಡು ಸ್ವಲ್ಪ ಬಳಸಿದ್ದು, ಮೂರು ಚೆನ್ನಾಗಿ ಬಳಸಿದ್ದು, ನಾಲ್ಕು ತೀರ ಸವೆದದ್ದು. 1920-22ರ ಚಿತ್ರ ನೋಟುಗಳಲ್ಲಿ ಒಂದಕ್ಕಿಂತ ಕೆಳಗಿನದನ್ನು ಕೊಳ್ಳಬೇಡಿ, ಹೊಸದೇ ಧಾರಾಳವಾಗಿದೆ. ಯುದ್ಧಕಾಲದವುಗಳಲ್ಲಿ ಮೂರನೆಯ ದರ್ಜೆಯೇ ಸಹಜ. ಹೊಚ್ಚಹೊಸದಕ್ಕೆ ನಾಲ್ಕು ಪಟ್ಟು ಹಣ ಸುರಿಯುವ ಬದಲು ಓಡಾಡಿದ ನಾಲ್ಕು ಊರಿನ ನೋಟು ಕೊಳ್ಳುವುದನ್ನು ನಾನು ಮೆಚ್ಚುತ್ತೇನೆ. "ಅಪರೂಪ" ಎಂಬ ಲೇಬಲ್ಲಿಗೆ ಬೆಲೆ ಕೊಡಬೇಡಿ. ಅದೇ ನೋಟು ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ಹುಡುಕಿ.

ಅಂಚೆ ವೆಚ್ಚ ನೋಟಿನ ಬೆಲೆಗಿಂತ ಹೆಚ್ಚಾಗುವುದು ಮಾಮೂಲು. ಒಬ್ಬನೇ ವ್ಯಾಪಾರಿಯಿಂದ ಕೊಂಡದ್ದನ್ನೆಲ್ಲ ಕೂಡಿಸಿ ಒಂದೇ ರಿಜಿಸ್ಟರ್ಡ್ ಕವರ್‌ನಲ್ಲಿ ಕಳಿಸಲು ಹೇಳಿ. ಕವರಿನ ಮೇಲೆ ಸರಕಿನ ವಿವರ, ಬೆಲೆ ನಿಜವಾಗಿರಲಿ, ಕಸ್ಟಮ್ಸ್ ಸುಂಕ ಬಿದ್ದರೆ ಕಟ್ಟಬೇಕಾಗುತ್ತದೆ. ಹೊರದೇಶದವರೊಂದಿಗೆ ವಿನಿಮಯ ಮಾಡುವವರು ಇನ್ನೊಂದನ್ನು ತಿಳಿದಿರಬೇಕು: ನೂರು ವರ್ಷ ದಾಟಿದ ನಾಣ್ಯ, ಕಲಾವಸ್ತುಗಳಂಥವನ್ನು ಭಾರತದಿಂದ ಹೊರಗೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ನಿರ್ಬಂಧಗಳಿವೆ. ವಿಚಾರಿಸದೆ ಕಳಿಸಬೇಡಿ.

ಹೆಜ್ಜೆ 7: ಕಾಪಾಡುವುದು

ಯುದ್ಧಕಾಲದ ಕಾಗದ ಕಳಪೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿದ್ದು, ಅದು ತನ್ನಷ್ಟಕ್ಕೇ ಹಳದಿಯಾಗಿ, ಒಣಗಿದ ಹಪ್ಪಳದಂತೆ ಮುರಿಯುತ್ತದೆ. ನಾವು ಮಾಡಬಹುದಾದದ್ದು ಆ ವೇಗವನ್ನು ತಗ್ಗಿಸುವುದಷ್ಟೇ.

ಲ್ಯಾಮಿನೇಶನ್ ಬೇಡವೇ ಬೇಡ, ಸೆಲ್ಲೋಟೇಪ್ ಬೇಡ, ಅಂಟು ಬೇಡ, ಇಸ್ತ್ರಿ ಬೇಡ, ತೊಳೆಯುವುದಂತೂ ಬೇಡ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಪುಟಗಳು ಸಾಮಾನ್ಯವಾಗಿ ಪಿವಿಸಿ. ವರ್ಷಗಳು ಕಳೆದಂತೆ ಅವು ಜಿಗುಟಾಗಿ ನೋಟಿಗೆ ಅಂಟುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್‌ಗಳನ್ನೇ ಕೇಳಿ ಕೊಳ್ಳಿ. ನೋಟಿನ ಬೆನ್ನಿಗೆ ಆಮ್ಲರಹಿತ ರಟ್ಟು ಇಟ್ಟರೆ ಬಾಗುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನವರಿಗೆ ದೊಡ್ಡ ಶತ್ರು ಮಳೆಗಾಲ. ಆಲ್ಬಮ್ ಗೋಡೆಗೆ ತಾಗಿದ ಕಪಾಟಿನಲ್ಲಿ ಇರದಿರಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಅವನ್ನು ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಕಬ್ಬಿಣದ ಬೀರುವಿನಲ್ಲಿ ಸೀರೆಗಳ ಜೊತೆ ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಆ ಆವಿ ಪ್ಲಾಸ್ಟಿಕ್ ಕವರ್‌ಗಳಿಗೆ ಒಳ್ಳೆಯದಲ್ಲ, ನೋಟುಗಳನ್ನು ಅಲ್ಲಿಂದ ದೂರ ಇಡಿ. ಬೆಳ್ಳಿಮೀನು ಹುಳ ಬಾರದಂತೆ ತಿಂಗಳಿಗೊಮ್ಮೆ ಪುಟ ತಿರುವಿ ನೋಡುವುದೇ ಸರಿಯಾದ ಮದ್ದು.

ಹೆಜ್ಜೆ 8: ಬರೆದಿಡುವುದು

ಪ್ರತಿ ನೋಟಿಗೂ ಒಂದು ಸಾಲು: ಊರು, ಇಂದಿನ ಹೆಸರು ಮತ್ತು ದೇಶ, ಕೊಟ್ಟವರು, ಮೊತ್ತ, ದಿನಾಂಕ, ಗಡುವು, ಅಳತೆ, ನೀರಚ್ಚು, ಮುದ್ರಕರು, ಕ್ಯಾಟಲಾಗ್ ಸಂಖ್ಯೆ, ಎಲ್ಲಿ ಕೊಂಡದ್ದು, ಎಷ್ಟಕ್ಕೆ. ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಆದರೂ ಸರಿ, ಉದ್ದನೆಯ ನೋಟ್‌ಬುಕ್ ಆದರೂ ಸರಿ. ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ನೋಟಿನ ಮೇಲೆ ಪೆನ್ಸಿಲ್‌ನಲ್ಲೂ ಬರೆಯಬೇಡಿ. ಹಳೆಯ ಸಂಗ್ರಾಹಕರು ಬರೆದದ್ದಿದ್ದರೆ ಅಳಿಸಲೂ ಬೇಡಿ, ಅದು ನೋಟಿನ ಇತಿಹಾಸದ ಭಾಗ.

ಊರಿನ ಬಗ್ಗೆ ಇನ್ನೂ ತಿಳಿಯಬೇಕೆಂದರೆ ಅಲ್ಲಿನ ನಗರ ಪತ್ರಾಗಾರಕ್ಕೆ ಇಮೇಲ್ ಬರೆದು ನೋಡಿ. ನೋಟಿನ ಸ್ಕ್ಯಾನ್ ಜೊತೆಗಿಟ್ಟು, ಎರಡೇ ಎರಡು ನೇರ ಪ್ರಶ್ನೆ ಕೇಳಿ: ಎಷ್ಟು ಪ್ರತಿ ಅಚ್ಚಾಯಿತು, ಯಾವಾಗ ವಾಪಸು ಪಡೆದರು. ಉತ್ತರ ಬಂದರೆ ಅದರ ಒಂದು ಪ್ರತಿ ನೋಟಿನ ಹಿಂದೆಯೇ ಇರಲಿ.

ಮುಂದಿನ ದಾರಿಗಳು

ಜರ್ಮನಿಯಲ್ಲಿ ಕೈ ಪಳಗಿದ ಮೇಲೆ ಪಕ್ಕದ ಹೊಲಗಳು ಕಾಯುತ್ತಿವೆ. ಆಸ್ಟ್ರಿಯಾದ ಹಳ್ಳಿಗಳು 1920ರ ಸುಮಾರಿಗೆ 10, 20, 50 ಹೆಲ್ಲರ್‌ಗಳ ಪುಟ್ಟ ಚೀಟಿ ಹೊರಡಿಸಿದವು, ಅಗ್ಗವಾಗಿ ಸಿಗುತ್ತವೆ. ಫ್ರಾನ್ಸ್‌ನಲ್ಲಿ ಈ ಕೆಲಸ ಮಾಡಿದ್ದು ಊರೂರಿನ ವಾಣಿಜ್ಯ ಮಂಡಳಿಗಳು. ಅವುಗಳ 50 ಸೆಂಟೀಮ್, 1 ಮತ್ತು 2 ಫ್ರಾಂಕ್ ನೋಟುಗಳು ಯುದ್ಧ ಮುಗಿದು ಕೆಲವು ವರ್ಷದವರೆಗೂ ಓಡಿದವು, ಆದ್ದರಿಂದ ಚಿಂದಿಯಾದ ಸ್ಥಿತಿಯಲ್ಲೇ ಹೆಚ್ಚು. ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನ ಪ್ರಾಂತಗಳು ಜಪಾನಿ ಆಕ್ರಮಣಕ್ಕೆ ಎದುರಾಗಿ ಸಿಕ್ಕ ಸಿಕ್ಕ ಕಾಗದದ ಮೇಲೆ ಗೆರಿಲ್ಲಾ ನೋಟು ಅಚ್ಚು ಹಾಕಿದವು.

ನಮ್ಮ ನೆಲದಲ್ಲೂ ಇದರ ಕುರುಹಿದೆ. ಎರಡನೇ ಮಹಾಯುದ್ಧದ ಲೋಹದ ಬರಕ್ಕೆ ಕಾಠಿಯಾವಾಡ, ರಾಜಸ್ಥಾನದ ಕೆಲವು ಸಂಸ್ಥಾನಗಳು, ಮೋರ್ವಿ, ಜುನಾಗಢ, ನವಾನಗರ, ಬಿಕಾನೇರ್ ಮುಂತಾದವು, ಚಿಲ್ಲರೆ ಬದಲಿಗೆ ರಟ್ಟಿನ ಕ್ಯಾಶ್ ಕೂಪನ್ ಹೊರಡಿಸಿದವು. ಅದೇ ಬರಕ್ಕೆ ಬ್ರಿಟಿಷ್ ಸರ್ಕಾರ 1943ರಲ್ಲಿ ನಡುವೆ ತೂತಿರುವ ಪೈಸೆ ತಂದಿತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಹೋದಾಗ ಹೈದರಾಬಾದ್ ಸಂಸ್ಥಾನ ತನ್ನದೇ ಕಾಗದದ ನೋಟು ಶುರು ಮಾಡಿತು. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಓಡಾಡಿದ ಆ ನೋಟಿನ ಮೇಲೆ ಕನ್ನಡದಲ್ಲೂ ಮೊತ್ತ ಬರೆದಿದೆ. ಅದು ತುರ್ತು ಚೀಟಿಯಲ್ಲ, ಪೂರ್ಣಪ್ರಮಾಣದ ಸಂಸ್ಥಾನದ ಹಣ. ಆದರೂ ಹುಟ್ಟಿನ ಕಾರಣ ಯುದ್ಧವೇ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಇಟಾಲಿಯನ್ ಸೈನಿಕರನ್ನು ಬೆಂಗಳೂರಿನ ಜಾಲಹಳ್ಳಿ ಸುತ್ತಮುತ್ತಲ ಶಿಬಿರಗಳಲ್ಲಿ ಇರಿಸಿದ್ದರು. ಬ್ರಿಟಿಷ್ ಭಾರತದ ಇಂಥ ಶಿಬಿರಗಳಿಗೆಂದು ಆಣೆ ರೂಪಾಯಿ ಲೆಕ್ಕದ ಕೂಪನ್‌ಗಳಿದ್ದವು. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿರುವ ರೆಜ್ವಾನ್ ರಝಾಕ್ ಅವರ ಭಾರತೀಯ ಕಾಗದದ ಹಣದ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಅಸಲಿ ನೋಟುಗಳನ್ನು ಹತ್ತಿರದಿಂದ ಕಂಡ ಕಣ್ಣಿಗೆ ನಕಲಿ ಬೇಗ ಸಿಕ್ಕಿಬೀಳುತ್ತದೆ.

ಭಾರತದ ಕೂಪನ್‌ಗಳ ವಿಷಯದಲ್ಲಿ ಐದನೇ ಹೆಜ್ಜೆಯನ್ನು ಎರಡು ಪಟ್ಟು ಬಿಗಿಯಾಗಿ ಪಾಲಿಸಿ. ಬೆಲೆ ಏರಿದೆ, ರಟ್ಟಿನ ಮೇಲಿನ ಸರಳ ಅಚ್ಚನ್ನು ನಕಲು ಮಾಡುವುದು ಸುಲಭ. ಬಿಲ್ ಕೊಡದ, ವಾಪಸು ತೆಗೆದುಕೊಳ್ಳಲು ಒಪ್ಪದ ವ್ಯಾಪಾರಿಯಿಂದ ಕೊಳ್ಳಬೇಡಿ.